ಬ್ರಿಟಿಷರು ಹೋದರು, ಬರೆಸಿಕೊಂಡದ್ದು ಏನಾಯಿತು? ಮೈಸೂರಿನ 1947 ಮತ್ತು ಕಾವೇರಿ ಒಪ್ಪಂದ

ಮುಂಗಾರು ಕೈಕೊಟ್ಟ ವರ್ಷ ಆಗಸ್ಟ್ ಮುಗಿಯುವ ಹೊತ್ತಿಗೆ ಮಂಡ್ಯದ ಸರ್ ಎಂ.ವಿ. ಪ್ರತಿಮೆ ಎದುರು ಶಾಮಿಯಾನ ಎದ್ದೇ ಏಳುತ್ತದೆ. 2023ರಲ್ಲೂ ಎದ್ದಿತು. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 5,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಪ್ರಮಾಣದಲ್ಲಿ 15 ದಿನ ನೀರು ಬಿಡಿ ಎಂದಿತ್ತು. 11,574 ಕ್ಯೂಸೆಕ್ ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಆ ಲೆಕ್ಕದಲ್ಲಿ ಬಿಡಬೇಕಾದದ್ದು ಸುಮಾರು ಆರೂವರೆ ಟಿಎಂಸಿ. ಕನ್ನಂಬಾಡಿ ಕಟ್ಟೆಯ ವಿ.ಸಿ. ನಾಲೆಯ ಕೊನೆ ಭಾಗಕ್ಕೆ ಕಟ್ಟು ಪದ್ಧತಿಯಲ್ಲೂ (ಸರದಿಯ ಮೇಲೆ ಬಿಟ್ಟರೂ) ನೀರು ತಲುಪದ ವರ್ಷದಲ್ಲಿ ಅಷ್ಟು ನೀರು ಕೆಳಗೆ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಂಥ ಧರಣಿಗಳ ಭಾಷಣಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ಬ್ರಿಟಿಷರು ಮೈಸೂರಿನ ಕೈ ಕಟ್ಟಿಹಾಕಿ ಬರೆಸಿಕೊಂಡ ಒಪ್ಪಂದ ಸ್ವಾತಂತ್ರ್ಯ ಬಂದ ಮೇಲೂ ನಮ್ಮನ್ನು ಏಕೆ ಕಾಡಬೇಕು?

ಈ ಪ್ರಶ್ನೆಯನ್ನು ಕೇಳಿದವರು ಮಂಡ್ಯದವರು ಮಾತ್ರ ಅಲ್ಲ. ನೈಲ್ ನದಿಯ ಮೇಲ್ದಂಡೆಯ ಟಾಂಗನೀಕಾ (ಈಗಿನ ಟಾಂಜಾನಿಯಾದ ಮುಖ್ಯ ಭಾಗ), ಉಗಾಂಡ, ಕೀನ್ಯಾ ಕೂಡ ಸ್ವತಂತ್ರವಾದಾಗ ಇದನ್ನೇ ಕೇಳಿದವು. ಆದರೆ ಟಾಂಗನೀಕಾ ಅದನ್ನು ಮೊದಲ ವರ್ಷದಲ್ಲೇ ಬರವಣಿಗೆಯಲ್ಲಿ ಕೇಳಿತು. ಮೈಸೂರು 1947ರಲ್ಲಿ ಬೇರೆ ಜಗಳದಲ್ಲಿತ್ತು. ಆ ವ್ಯತ್ಯಾಸಕ್ಕೆ ಎಷ್ಟು ಬೆಲೆ ತೆತ್ತೆವು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ, ಭಾಷಣಗಳಲ್ಲಿ ಹೇಳುವಷ್ಟು ಸರಳವಾದ ಉತ್ತರ ಸಿಗುವುದಿಲ್ಲ.

ಕೈ ಕಟ್ಟಿದ್ದು ಯಾವ ಹಗ್ಗದಿಂದ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸತ್ತ ಎರಡು ತಿಂಗಳಿಗೆ, ಜುಲೈ 8ರಂದು, ಕಂಪನಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಸಹಾಯಕ ಸೈನ್ಯದ ಒಪ್ಪಂದ ಮಾಡಿಸಿತು. ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು, ಕಂಪನಿಯ ಪಡೆ ಇಲ್ಲಿ ಇರುತ್ತದೆ. ಹಣಕ್ಕೆ ಆತಂಕ ಬಂದರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕು ಕಂಪನಿಗಿತ್ತು. ನಗರ ಸೀಮೆಯ (ಈಗಿನ ಶಿವಮೊಗ್ಗ ಕಡೆಯ) ರೈತ ದಂಗೆಯ ನೆಪ ಸಿಕ್ಕಿದ್ದೇ 1831ರಲ್ಲಿ ಆ ಹಕ್ಕನ್ನು ಚಲಾಯಿಸಿದರು, ಐವತ್ತು ವರ್ಷ ಕಮಿಷನರುಗಳು ಆಳಿದರು. 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗ ಪೊಗದಿಯನ್ನು (ವರ್ಷದ ಕಪ್ಪವನ್ನು) 24.5 ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸಿ ಬರೆದುಕೊಂಡರು. ಗವರ್ನರ್ ಜನರಲ್‌ ಹೇಳಿದಂತೆ ನಡೆಯಬೇಕು ಎಂಬ ಷರತ್ತು ಬೇರೆ.

ಈ ಹಿನ್ನೆಲೆ ಹೇಳಬೇಕಾದದ್ದು ಏಕೆಂದರೆ, 1892ರ ಫೆಬ್ರವರಿ 18ರ ಕಾವೇರಿ ಒಪ್ಪಂದ ಆದದ್ದು ರಾಜ್ಯ ಕೈಗೆ ಬಂದು ಹನ್ನೊಂದೇ ವರ್ಷಕ್ಕೆ. ಕೆ. ಶೇಷಾದ್ರಿ ಅಯ್ಯರ್ ದಿವಾನರು. ಎದುರಿಗೆ ಮದ್ರಾಸ್ ಪ್ರೆಸಿಡೆನ್ಸಿ, ಅಂದರೆ ನೇರ ಬ್ರಿಟಿಷ್ ಸರ್ಕಾರ. ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ ಎಂಬುದು ಅದರ ಸಾರ. ನಮ್ಮ ಕಡೆಯವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದೇ ನಿಯಮದಲ್ಲಿ ಇನ್ನೊಂದು ವಾಕ್ಯವಿದೆ: ಈಗಾಗಲೇ ಗಳಿಸಿರುವ, ವಾಸ್ತವವಾಗಿ ಬಳಕೆಯಲ್ಲಿರುವ ಹಕ್ಕನ್ನು ಕಾಪಾಡಿಕೊಳ್ಳುವುದಕ್ಕೆ ಹೊರತು ಬೇರೆ ಕಾರಣಕ್ಕೆ ಮದ್ರಾಸು ಒಪ್ಪಿಗೆ ನಿರಾಕರಿಸುವಂತಿಲ್ಲ. ಮುಂದಿನ ನೂರಿಪ್ಪತ್ತೈದು ವರ್ಷದ ವಾದವೆಲ್ಲ ಈ ವಾಕ್ಯದೊಳಗೇ ಸುತ್ತಿದೆ. ಯಾರು ಮೊದಲು ಗದ್ದೆ ಮಾಡಿದರೋ ಅವರ ಹಕ್ಕು ಗಟ್ಟಿ.

ಕನ್ನಂಬಾಡಿ ಕಟ್ಟೆಯ (ಈಗಿನ ಕೆಆರ್ಎಸ್) ವಿಷಯದಲ್ಲಿ ಇದು ಹೇಗೆ ಕೆಲಸ ಮಾಡಿತು ನೋಡಿ. 1911ರಲ್ಲಿ ಕೆಲಸ ಶುರು. ಆಗ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ನಕ್ಷೆಯಲ್ಲಿ ಎತ್ತರ 124 ಅಡಿ, ಸಂಗ್ರಹ 41.5 ಟಿಎಂಸಿ. ಮೆಟ್ಟೂರಿನಲ್ಲಿ ತನ್ನದೇ ಕಟ್ಟೆಯ ಯೋಚನೆ ಇದ್ದ ಮದ್ರಾಸು 80 ಅಡಿಗೆ, 11 ಟಿಎಂಸಿಗೆ ಮಾತ್ರ ಒಪ್ಪಿತು. ಮೈಸೂರು ತಲೆಯಾಡಿಸಿ, ಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ಬೇಕಾದ ಅಗಲಕ್ಕೇ ಹಾಕಿತು. ಕಾಗದದಲ್ಲಿ ಸೋತದ್ದನ್ನು ಕಲ್ಲು-ಗಾರೆಯಲ್ಲಿ ಗೆಲ್ಲುವ ಈ ಉಪಾಯವನ್ನು ರಾಜ್ಯ ಅರ್ಧ ಶತಮಾನದ ನಂತರ ಮತ್ತೊಮ್ಮೆ ಬಳಸಿತು. ಆ ಮಾತು ಮುಂದೆ ಬರುತ್ತದೆ.

ಮದ್ರಾಸು ಸುಮ್ಮನಿರಲಿಲ್ಲ. 1892ರ ನಿಯಮದಂತೆ ನ್ಯಾಯಮೂರ್ತಿ ಎಚ್.ಡಿ. ಗ್ರಿಫಿನ್ ಮಧ್ಯಸ್ಥಿಕೆ ನಡೆಸಿ 1914ರ ಮೇ ತಿಂಗಳಲ್ಲಿ ಮೈಸೂರಿನ ಪರ ತೀರ್ಪು ಕೊಟ್ಟರು. ಭಾರತ ಸರ್ಕಾರ 1916ರಲ್ಲಿ ಅದನ್ನು ಒಪ್ಪಿತು. ಅಷ್ಟಾದರೂ ಮದ್ರಾಸು ಲಂಡನ್ನಿನ ಭಾರತ ಮಂತ್ರಿಗೆ ದೂರು ಹೇಳಿತು, ಅಲ್ಲಿಂದ ಪ್ರಕರಣ ಮತ್ತೆ ತೆರೆಯಿತು. ಸಾಮ್ರಾಜ್ಯದ ನ್ಯಾಯದ ಸ್ವರೂಪ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಮಧ್ಯಸ್ಥನ ತೀರ್ಪಿನಲ್ಲಿ ಗೆದ್ದ ಸಂಸ್ಥಾನಕ್ಕೆ ಅದನ್ನು ಜಾರಿ ಮಾಡಿಸಿಕೊಳ್ಳುವ ಬಲವಿಲ್ಲ, ಸೋತ ಪ್ರಾಂತ್ಯಕ್ಕೆ ಮೇಲಿನ ಮನೆಯ ಬಾಗಿಲು ಸದಾ ತೆರೆದಿದೆ. 1924ರ ಫೆಬ್ರವರಿ 18ರಂದು ಮೈಸೂರು ಸಹಿ ಹಾಕಿದಾಗ ದಿವಾನರಾಗಿದ್ದವರು ಆಲ್ಬಿಯನ್ ಬ್ಯಾನರ್ಜಿ. ಅವರೂ ಬ್ರಿಟಿಷ್ ಸರ್ಕಾರದ ಐಸಿಎಸ್ ಅಧಿಕಾರಿಯೇ. ಬಲವಂತ ಇತ್ತೆಂದು ಹೇಳುವವರು ಇದನ್ನೂ ನೆನೆಯುತ್ತಾರೆ.

ಇಷ್ಟಾಗಿಯೂ 1924ರದ್ದು ಬರೀ ಸೋಲಲ್ಲ. ಕಟ್ಟೆಗೆ 124 ಅಡಿ ಸಿಕ್ಕಿತು, 44.8 ಟಿಎಂಸಿ ಸಂಗ್ರಹ, 1.25 ಲಕ್ಷ ಎಕರೆ ಹೊಸ ನೀರಾವರಿ. ಮದ್ರಾಸಿಗೆ ಮೆಟ್ಟೂರು, 93.5 ಟಿಎಂಸಿ, 3.01 ಲಕ್ಷ ಎಕರೆ. ಐವತ್ತು ವರ್ಷದ ನಂತರ ಕೆಲವು ಷರತ್ತುಗಳನ್ನು ಮರುಪರಿಶೀಲಿಸಬಹುದು ಎಂಬ ಮಾತೂ ಸೇರಿತು. ಇರ್ವಿನ್ ನಾಲೆ (ಈಗಿನ ವಿ.ಸಿ. ನಾಲೆ), 1933ರ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಎಲ್ಲವೂ ಆ ಕಾಗದದ ನಂತರದವು. ಬೈಯುವ ಒಪ್ಪಂದದ ಮೇಲೆಯೇ ಜಿಲ್ಲೆ ಕಟ್ಟಿಕೊಂಡದ್ದು, ಒಪ್ಪಿಕೊಳ್ಳಲು ಕಷ್ಟವಾದರೂ ನಿಜ. ಕಟ್ಟೆಗೆ ಮಂಜೂರಾತಿ ಸಿಗಲು ಇನ್ನೊಂದು ಕಾರಣವನ್ನೂ ಮರೆಯಬಾರದು. 1902ರಿಂದ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಗಣಿ ನಡೆಸುತ್ತಿದ್ದವರು ಇಂಗ್ಲಿಷರು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಅವರ ಯಂತ್ರ ನಿಲ್ಲುತ್ತಿತ್ತು.

ಎರಡು ಅಂತಸ್ತಿನ ಹೋರಾಟ

ಬ್ರಿಟಿಷ್ ಪ್ರಾಂತ್ಯಗಳಲ್ಲಿ ಹೋರಾಟಗಾರನ ಎದುರಿಗೆ ನೇರವಾಗಿ ಕಲೆಕ್ಟರ್ ಇದ್ದ. ಮೈಸೂರಿನಲ್ಲಿ ಎದುರಿಗಿದ್ದವರು ದಿವಾನರು, ಅವರ ಹಿಂದೆ ಮಹಾರಾಜರು, ಅವರ ಹಿಂದೆ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್. ಜನಕ್ಕೆ ನಾಲ್ವಡಿಯವರ ಮೇಲೆ ಭಕ್ತಿ ಇತ್ತು. ಅದರಲ್ಲಿ ನಾಟಕವೇನೂ ಇರಲಿಲ್ಲ. ಹಾಗಾಗಿ ಇಲ್ಲಿಯ ಕಾಂಗ್ರೆಸ್ಸಿನ ಬೇಡಿಕೆ ರಾಜರನ್ನು ಇಳಿಸುವುದಾಗಿರಲಿಲ್ಲ, ಅವರ ಹೆಸರಿನಲ್ಲೇ ಜವಾಬ್ದಾರಿ ಸರ್ಕಾರ (ಜನರು ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ) ಬರಲಿ ಎಂಬುದಾಗಿತ್ತು. 1938ರ ಹರಿಪುರ ಅಧಿವೇಶನದಲ್ಲಿ ಅಖಿಲ ಭಾರತ ಕಾಂಗ್ರೆಸ್, ಸಂಸ್ಥಾನಗಳ ಚಳವಳಿಯನ್ನು ಅಲ್ಲಿಯವರೇ ತಮ್ಮ ಬಲದ ಮೇಲೆ ನಡೆಸಿಕೊಳ್ಳಬೇಕೆಂದು ಕೈ ತೊಳೆದುಕೊಂಡಿತ್ತು.

ಅದೇ ಏಪ್ರಿಲ್‌ನಲ್ಲಿ ಶಿವಪುರ. ಮದ್ದೂರಿನ ಪಕ್ಕ, ಶಿಂಷೆಯ ದಂಡೆ. ಮೈಸೂರು ಕಾಂಗ್ರೆಸ್ಸಿನ ಅಧಿವೇಶನಕ್ಕೆ ಜಾಗ ಕೊಟ್ಟವರು ಅಲ್ಲಿಯ ರೈತರು, ಓಡಾಡಿ ಸಂಘಟಿಸಿದವರು ಸಾಹುಕಾರ್ ಚನ್ನಯ್ಯ, ಎಚ್.ಕೆ. ವೀರಣ್ಣಗೌಡರಂಥವರು. ಧ್ವಜ ಹಾರಿಸಬಾರದು ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರ ನಿಷೇಧಾಜ್ಞೆ ಬಂತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯ ಧ್ವಜ ಏರಿಸಿದರು, ಬಂಧನವಾಯಿತು. ಅವರಾದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು ಮುಂದೆ ಬಂದರು.

ಧ್ವಜವನ್ನೇ ಆರಿಸಿಕೊಂಡದ್ದರಲ್ಲಿ ಲೆಕ್ಕಾಚಾರ ಇತ್ತು. ತೆರಿಗೆ ಕೊಡುವುದಿಲ್ಲ ಎಂದಿದ್ದರೆ ಜಮೀನು ಜಪ್ತಿಯಾಗಿ ಸಣ್ಣ ಹಿಡುವಳಿದಾರ ಮೊದಲು ಬೀಳುತ್ತಿದ್ದ, ಚಳವಳಿ ತಿಂಗಳಲ್ಲಿ ಒಡೆಯುತ್ತಿತ್ತು. ಧ್ವಜ ಹಾರಿಸಲು ಬೇಕಾದದ್ದು ಒಂದು ಕಂಬ, ಬಂಧನಕ್ಕೆ ಸಿದ್ಧರಾದವರ ಒಂದು ಸಾಲು. ಬಿಟ್ಟರೆ ನಿಷೇಧಾಜ್ಞೆ ಉಲ್ಲಂಘನೆಯಾದಂತೆ, ಹಿಡಿದರೆ ಸುದ್ದಿಯಾದಂತೆ. ಸರ್ಕಾರಕ್ಕೆ ಎರಡೂ ಕಡೆ ಸಂಕಟ. ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಅದೇ ಧ್ವಜದ ವಿಷಯಕ್ಕೆ ಗೋಲಿಬಾರ್ ಆಯಿತು. ಸರ್ಕಾರ ಸತ್ತವರು 10 ಎಂದಿತು, ಜನರ ಲೆಕ್ಕ 30 ದಾಟಿತ್ತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಓಡಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮೇ ತಿಂಗಳಲ್ಲಿ ಒಪ್ಪಂದ ಮಾಡಿದರು: ಮೈಸೂರಿನ ಧ್ವಜದ ಜೊತೆ ಕಾಂಗ್ರೆಸ್ ಧ್ವಜವೂ ಹಾರಬಹುದು, ಸುಧಾರಣಾ ಸಮಿತಿ ಜವಾಬ್ದಾರಿ ಸರ್ಕಾರದ ವಿಷಯವನ್ನೂ ಚರ್ಚಿಸಬಹುದು. ‘ಚರ್ಚಿಸಬಹುದು’ ಎಂಬ ಮಾತು ಒಂಬತ್ತು ವರ್ಷ ಎಳೆಯಿತು.

1947ರ ಆಗಸ್ಟ್ 15ಕ್ಕೆ ದೆಹಲಿಯಲ್ಲಿ ಅಧಿಕಾರ ಹಸ್ತಾಂತರವಾದಾಗ ಮೈಸೂರಿನಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಕುರ್ಚಿಯಲ್ಲೇ ಇದ್ದರು. ಮೈಸೂರಿಗರಿಗೆ ಸ್ವಾತಂತ್ರ್ಯ ಆ ದಿನ ಬರಲಿಲ್ಲ ಎನ್ನುವುದು ಬರೀ ಭಾವನೆಯ ಮಾತಲ್ಲ, ಆಡಳಿತದ ಸತ್ಯ. ಸೆಪ್ಟೆಂಬರ್ 1ರಿಂದ ಮೈಸೂರು ಚಲೋ. ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು. ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ಧ್ವಜ ಕಟ್ಟಲು ಹೋದ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ಇವತ್ತು ರಾಮಸ್ವಾಮಿ ವೃತ್ತದ ಸಿಗ್ನಲ್ಲಿನಲ್ಲಿ ನಿಲ್ಲುವ ಎಷ್ಟು ಮಂದಿಗೆ ಇದು ಗೊತ್ತೋ!

ಈ ಚಳವಳಿ ಎರಡು ತಿಂಗಳೊಳಗೆ ಗೆಲ್ಲಲು ಒಂದು ಪ್ರಾಯೋಗಿಕ ಕಾರಣವಿದೆ. ಮೈಸೂರಿನ ಗಡಿಯ ಸುತ್ತ ಈಗ ಸ್ವತಂತ್ರ ಭಾರತದ ಪ್ರಾಂತ್ಯಗಳಿದ್ದವು. ಎಚ್.ಎಸ್. ದೊರೆಸ್ವಾಮಿಯವರ ‘ಪೌರವಾಣಿ’ಗೆ ಇಲ್ಲಿ ತಡೆ ಬಿದ್ದಾಗ ಅದು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಹಿಂದೂಪುರದಿಂದ ಅಚ್ಚಾಗಿ ಬಂತು. ಗಡಿಯಾಚೆ ಹೋದವರನ್ನು ಮೈಸೂರು ಪೊಲೀಸರು ಮುಟ್ಟುವಂತಿರಲಿಲ್ಲ. ಐದು ವರ್ಷ ಹಿಂದೆ ಶಿವಮೊಗ್ಗ ಕಡೆಯ ಈಸೂರಿನ ಹೋರಾಟಗಾರರಿಗೆ ಇಂಥ ಬೆನ್ನಾಸರೆ ಇರಲಿಲ್ಲ. ಅಲ್ಲಿಯ ಐವರು 1943ರಲ್ಲಿ ನೇಣಿಗೇರಿದರು. 1947ರಲ್ಲಿ ಅಕ್ಟೋಬರ್ ಮಧ್ಯಕ್ಕೆ ಅರಮನೆ ಮಣಿಯಿತು, ಆ ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ನೀರಿನ ಕಥೆಗೆ ಇಲ್ಲಿ ಒಂದು ಗಂಟು ಬೀಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ಜವಾಬ್ದಾರಿ ಸರ್ಕಾರದ ಹೋರಾಟಕ್ಕೆ ಮದ್ರಾಸಿನ ಕಾಂಗ್ರೆಸ್ ಸರ್ಕಾರ ನೆರೆಮನೆಯ ನೆಂಟ. ಅದೇ ಮದ್ರಾಸು 1924ರ ಕಾಗದದ ಎದುರು ಪಕ್ಷ. ಕಟ್ಟೆಯ ಹಳೇ ಜಗಳವನ್ನು ಆ ಹೊತ್ತಿನಲ್ಲಿ ಕೆದಕುವ ಲಾಭ ಯಾರಿಗೂ ಇರಲಿಲ್ಲ.

ಆಗಸ್ಟ್ 9ರ ಎರಡು ಸಹಿ

1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು. ಒಕ್ಕೂಟಕ್ಕೆ ಬಿಟ್ಟುಕೊಟ್ಟದ್ದು ಮೂರೇ ವಿಷಯ: ರಕ್ಷಣೆ, ವಿದೇಶಾಂಗ, ಸಂಪರ್ಕ. ನೀರು ಅದರಲ್ಲಿಲ್ಲ. ಆದರೆ ಸೇರ್ಪಡೆ ಪತ್ರದ ಜೊತೆ ಇನ್ನೊಂದು ಕಾಗದವೂ ಇತ್ತು, ಯಥಾಸ್ಥಿತಿ ಒಪ್ಪಂದ. ಹೊಸ ವ್ಯವಸ್ಥೆ ಆಗುವವರೆಗೆ ಹಳೆಯ ಆಡಳಿತಾತ್ಮಕ ಏರ್ಪಾಡುಗಳು ನಡೆದುಕೊಂಡು ಹೋಗಲಿ ಎಂದು ಅದರ ತಾತ್ಪರ್ಯ. ಅನುಬಂಧದಲ್ಲಿ ರೈಲು, ಅಂಚೆ, ಉಪ್ಪು, ಅಫೀಮು ಇತ್ಯಾದಿಗಳ ನಡುವೆ ‘ನೀರಾವರಿ ಮತ್ತು ವಿದ್ಯುತ್’ ಎಂಬ ಒಂದು ಸಾಲು.

ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಕಲಮಿನ ರಚನೆಯೂ ಹೀಗೇ. ಬ್ರಿಟಿಷ್ ಪರಮಾಧಿಕಾರ ಮತ್ತು ದೊರೆಗಳ ಜೊತೆಗಿನ ಅದರ ಒಪ್ಪಂದಗಳೆಲ್ಲ ರದ್ದು ಎನ್ನುತ್ತದೆ ಮೊದಲ ಭಾಗ. ಸುಂಕ, ಸಾಗಣೆ, ಸಂಪರ್ಕ, ಅಂಚೆ-ತಂತಿ ಮತ್ತು ಅಂಥದೇ ವಿಷಯಗಳ ಒಪ್ಪಂದಗಳನ್ನು ಯಾರಾದರೂ ಒಬ್ಬರು ಬಿಡಿಸಿಕೊಳ್ಳುವವರೆಗೆ, ಇಲ್ಲವೇ ಹೊಸದು ಬರುವವರೆಗೆ ಪಾಲಿಸಬೇಕು ಎನ್ನುತ್ತದೆ ಅದರ ಬಾಲ. ರೈಲು ಮರುದಿನವೂ ಓಡಬೇಕಲ್ಲ, ಹಾಗಾಗಿ ಬಾಲ ಅನಿವಾರ್ಯ. ಬಿಡಿಸಿಕೊಳ್ಳುವ ಬಾಗಿಲೂ ಅಲ್ಲೇ ಇತ್ತು. ಮೈಸೂರು ಆ ಬಾಗಿಲಿನಿಂದ ಹೊರಗೆ ಬರಲಿಲ್ಲ.

ಬೇರೆಯವರು ಏನು ಮಾಡಿದರು

1929ರ ಮೇ 7ರಂದು ಬ್ರಿಟನ್ ತನ್ನ ಪೂರ್ವ ಆಫ್ರಿಕಾದ ವಸಾಹತುಗಳ ಪರವಾಗಿ ಈಜಿಪ್ಟಿನ ಜೊತೆ ನೈಲ್ ಒಪ್ಪಂದ ಮಾಡಿತು. ಈಜಿಪ್ಟಿನ ಮುಂಚಿನ ಒಪ್ಪಿಗೆ ಇಲ್ಲದೆ ನೈಲ್ ಮೇಲೆ, ಅದು ಹುಟ್ಟುವ ಸರೋವರಗಳ ಮೇಲೆ, ನೀರಾವರಿ ಅಥವಾ ವಿದ್ಯುತ್ ಕಾಮಗಾರಿ ಕೂಡದು. 1892ರ ನಿಯಮವನ್ನು ಪಕ್ಕದಲ್ಲಿಟ್ಟು ಓದಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರಲ್ಲೂ ಕೆಳದಂಡೆಯ ಗದ್ದೆಗಳು ಹಳೆಯವು, ಎರಡರಲ್ಲೂ ಮೇಲ್ದಂಡೆಯ ಪರ ಮಾತಾಡುವವರೇ ಸಾಮ್ರಾಜ್ಯದ ಕೈಕೆಳಗಿನವರು.

ಟಾಂಗನೀಕಾ 1961ರ ಡಿಸೆಂಬರ್ 9ರಂದು ಸ್ವತಂತ್ರವಾಯಿತು. ಅದರ ಪ್ರಧಾನಿ ಜೂಲಿಯಸ್ ನೈರೇರೆ ಕೂಡಲೇ ವಿಶ್ವಸಂಸ್ಥೆಗೆ ಬರೆದು ತಿಳಿಸಿದರು: ಬ್ರಿಟನ್ ನಮ್ಮ ಪರವಾಗಿ ಮಾಡಿದ ಒಪ್ಪಂದಗಳನ್ನು ಎರಡು ವರ್ಷ ಪಾಲಿಸುತ್ತೇವೆ, ಆ ಅವಧಿಯಲ್ಲಿ ಒಂದೊಂದನ್ನೂ ಮಾತಾಡಿ ನವೀಕರಿಸೋಣ, ಉಳಿದವು ತಾವಾಗಿ ಬಿದ್ದುಹೋಗುತ್ತವೆ. ರೈಲೂ ನಿಲ್ಲಲಿಲ್ಲ, ಹಕ್ಕೂ ಹೋಗಲಿಲ್ಲ. 1962ರ ಜುಲೈನಲ್ಲಿ ಬ್ರಿಟನ್, ಈಜಿಪ್ಟ್, ಸುಡಾನ್ ಮೂರಕ್ಕೂ ಪತ್ರ ಹೋಯಿತು: 1929ರದ್ದು ನಮ್ಮನ್ನು ಕಟ್ಟುವುದಿಲ್ಲ. ಹೊಸ ದೇಶ ಹಳೆಯ ಒಪ್ಪಂದಗಳಿಗೆ ಬದ್ಧವಲ್ಲ, ಗಡಿ ಮತ್ತು ನೆಲಕ್ಕೆ ಅಂಟಿಕೊಂಡ ಹಕ್ಕುಗಳನ್ನು ಬಿಟ್ಟು ಎಂಬ ತತ್ವ 1978ರ ವಿಯೆನ್ನಾ ಒಡಂಬಡಿಕೆಯಲ್ಲಿ ಬರವಣಿಗೆಗೆ ಬಂತು. ನದಿ ನೀರು ನೆಲಕ್ಕೆ ಅಂಟಿದ ಹಕ್ಕೋ ಅಲ್ಲವೋ ಎಂಬಲ್ಲೇ ಈಜಿಪ್ಟ್ ಪಟ್ಟು ಹಿಡಿದು ಕೂತಿದೆ.

ನೈರೇರೆಯವರ ಪತ್ರದಿಂದ ಹೊಲಕ್ಕೆ ನೀರು ಬಂತೇ ಎಂದರೆ, ಬೇಗ ಬರಲಿಲ್ಲ. ಪತ್ರ ಬರೆಯಲು ಹತ್ತು ನಿಮಿಷ ಸಾಕು, ಕಟ್ಟೆಗೆ ದುಡ್ಡು ಬೇಕು. ವಿಕ್ಟೋರಿಯಾ ಸರೋವರದಿಂದ ಶಿನ್ಯಾಂಗಾ ಕಡೆಗೆ ಕುಡಿಯುವ ನೀರಿನ ಪೈಪು ಎಳೆಯುವ ಕೆಲಸಕ್ಕೆ ಟಾಂಜಾನಿಯಾ ಕೈ ಹಾಕಿದ್ದು 2004ರಲ್ಲಿ. ಮೇಲ್ದಂಡೆಯ ದೇಶಗಳ ಸಹಕಾರ ಚೌಕಟ್ಟಿನ ಒಪ್ಪಂದ ಜಾರಿಗೆ ಬಂದದ್ದು 2024ರ ಅಕ್ಟೋಬರಿನಲ್ಲಿ, ಅದೂ ಈಜಿಪ್ಟ್ ಮತ್ತು ಸುಡಾನ್ ಹೊರಗುಳಿದು. 1959ರಲ್ಲಿ ಆ ಎರಡೇ ದೇಶಗಳು ಕೂತು 55.5 ಮತ್ತು 18.5 ಶತಕೋಟಿ ಘನ ಮೀಟರ್ ಹಂಚಿಕೊಂಡಿದ್ದವು. ಈಜಿಪ್ಟಿನ ಪಾಲು ನಮ್ಮ ಲೆಕ್ಕದಲ್ಲಿ 1,960 ಟಿಎಂಸಿ. ಕೊನೆಗೆ ಆ ಹಂಚಿಕೆಯನ್ನು ಅಲುಗಿಸಿದ್ದು ವಸಾಹತೇ ಆಗಿರದ ಇಥಿಯೋಪಿಯಾ. 2025ರ ಸೆಪ್ಟೆಂಬರ್ 9ರಂದು ಉದ್ಘಾಟನೆಯಾದ ಅದರ ಅಣೆಕಟ್ಟು 74 ಶತಕೋಟಿ ಘನ ಮೀಟರ್ ಹಿಡಿಯುತ್ತದೆ, ಅಂದರೆ ಐವತ್ತಕ್ಕೂ ಹೆಚ್ಚು ಕನ್ನಂಬಾಡಿ.

ಸ್ವಾತಂತ್ರ್ಯದ ಸಂತೋಷದಲ್ಲಿ ಕಣ್ಣುಮುಚ್ಚಿ ಸಹಿ ಹಾಕಿದವರ, ಇಲ್ಲವೇ ಬೇರೆ ದಾರಿ ಇಲ್ಲದೆ ಹಾಕಿದವರ ಪಟ್ಟಿ ಉದ್ದವಿದೆ. 1804ರಲ್ಲೇ ಗೆದ್ದ ಹೈಟಿಯ ಎದುರು 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಬರೆಸಿಕೊಂಡಿತು, 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿತು. ಇಂಡೊನೇಷ್ಯಾ 1949ರ ಹೇಗ್ ಮಾತುಕತೆಯಲ್ಲಿ ಡಚ್ ವಸಾಹತು ಸರ್ಕಾರದ 400 ಕೋಟಿಗೂ ಹೆಚ್ಚು ಗಿಲ್ಡರ್ ಸಾಲವನ್ನು ಹೊತ್ತುಕೊಂಡಿತು. ತನ್ನನ್ನೇ ಅಡಗಿಸಲು ಡಚ್ಚರು ಮಾಡಿದ ಖರ್ಚೂ ಅದರಲ್ಲಿ ಸೇರಿತ್ತು. 1956ರಲ್ಲಿ ಉಳಿದದ್ದನ್ನು ಕೊಡುವುದಿಲ್ಲ ಎಂದುಬಿಟ್ಟಿತು. ಏಳು ವರ್ಷಕ್ಕೂ ಹೆಚ್ಚು ಯುದ್ಧ ಮಾಡಿದ ಅಲ್ಜೀರಿಯಾ ಕೂಡ 1962ರ ಎವಿಯಾನ್ ಒಪ್ಪಂದದಲ್ಲಿ ಮೆರ್ಸ್ ಎಲ್ ಕೆಬೀರ್ ನೌಕಾನೆಲೆಯನ್ನು 15 ವರ್ಷಕ್ಕೆ, ಸಹಾರಾದ ಅಣು ಪರೀಕ್ಷಾ ತಾಣಗಳನ್ನು 5 ವರ್ಷಕ್ಕೆ ಫ್ರಾನ್ಸಿಗೆ ಬಿಟ್ಟುಕೊಟ್ಟಿತು. ಮಾರಿಷಸ್ಸಿನಿಂದ ಚಾಗೋಸ್ ದ್ವೀಪಗಳನ್ನು ಬ್ರಿಟನ್ 1965ರಲ್ಲಿ, ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲೇ, ಕತ್ತರಿಸಿ ಇಟ್ಟುಕೊಂಡಿತು. ಅದನ್ನು ಮರಳಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಮೇ 22ರಂದು, ಅದರಲ್ಲೂ ಡಿಯೆಗೊ ಗಾರ್ಸಿಯಾ 99 ವರ್ಷದ ಗುತ್ತಿಗೆಗೆ.

ಇವುಗಳಲ್ಲಿ ತಪ್ಪು ನಡೆಯುವ ಜಾಗ ಒಂದೇ. ಅಧಿಕಾರ ಕೈಗೆ ಬರುವ ಮುನ್ನಿನ ಕೊನೆಯ ತಿಂಗಳುಗಳಲ್ಲಿ ಹೋಗುವವನಿಗೆ ಕಾಗದ ಬೇಕು, ಬರುವವನಿಗೆ ದಿನಾಂಕ ಬೇಕು. ದಿನಾಂಕದ ಆತುರದಲ್ಲಿ ಕಾಗದ ಅಗ್ಗವಾಗುತ್ತದೆ. ನೈರೇರೆಯವರ ಜಾಣತನ ಇದ್ದದ್ದು ಆ ಚೌಕಾಸಿಯನ್ನು ಧ್ವಜ ಏರಿದ ನಂತರಕ್ಕೆ ತಳ್ಳಿದ್ದರಲ್ಲಿ.

ಮೈಸೂರು ಮಾಡಿದ್ದು, ಕೋರ್ಟು ಹೇಳಿದ್ದು

ಕರ್ನಾಟಕ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಕಾವೇರಿ ಹುಟ್ಟುವ ಕೊಡಗು 1956ರಲ್ಲಿ ರಾಜ್ಯದೊಳಗೆ ಬಂತು. ಆಮೇಲೆ ಹಾರಂಗಿ, ಹೇಮಾವತಿ, ಕಬಿನಿ, ಸುವರ್ಣಾವತಿ ಯೋಜನೆಗಳು ಎದ್ದವು. ಕೇಂದ್ರದ ಒಪ್ಪಿಗೆ ಇಲ್ಲ, ತಮಿಳುನಾಡಿನ ಸಮ್ಮತಿ ಇಲ್ಲ, ಯೋಜನಾ ಆಯೋಗದ ಹಣ ಇಲ್ಲ. ರಾಜ್ಯ ತನ್ನ ಸ್ವಂತ ದುಡ್ಡಿನಿಂದ ಕಟ್ಟಿತು. 80 ಅಡಿಯ ಅನುಮತಿಗೆ 124 ಅಡಿಯ ಪಾಯ ಹಾಕಿದ ಬುದ್ಧಿಯೇ ಇದು. ಇವತ್ತು ಕೆಆರ್‌ಎಸ್‌ನ 49.45, ಹೇಮಾವತಿಯ 37.10, ಕಬಿನಿಯ 19.52, ಹಾರಂಗಿಯ 8.50 ಕೂಡಿದರೆ 114.57 ಟಿಎಂಸಿ. ಅರ್ಧಕ್ಕೂ ಹೆಚ್ಚು 1947ರ ನಂತರದ್ದು. ಕಟ್ಟಿದ್ದು ಕೈಯಲ್ಲಿ ಉಳಿಯಿತು, ಆದರೆ 1924ರದ್ದನ್ನು ಒಪ್ಪುವುದಿಲ್ಲ ಎಂದು ಆಗಲೇ ಔಪಚಾರಿಕವಾಗಿ ಬಿಡಿಸಿಕೊಂಡ ದಾಖಲೆ ಹುಟ್ಟಲಿಲ್ಲ.

ಆ ಖಾಲಿ ಜಾಗವೇ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಎದುರಿಗೆ ಬಂತು. ಮೈಸೂರು ಸಾಮಂತ ರಾಜ್ಯ, ಚೌಕಾಸಿಯ ಶಕ್ತಿ ಇರಲಿಲ್ಲ, ಆದ್ದರಿಂದ 1892, 1924ರ ಒಪ್ಪಂದಗಳು ಅನ್ಯಾಯದವು ಎಂದು ಕರ್ನಾಟಕ ವಾದಿಸಿತ್ತು. ನ್ಯಾಯಮೂರ್ತಿ ದೀಪಕ್ ಮಿಶ್ರಾ, ಅಮಿತಾವ ರಾಯ್, ಎ.ಎಂ. ಖಾನ್ವಿಲ್ಕರ್ ಅವರ ಪೀಠ ಒಪ್ಪಲಿಲ್ಲ. ಇವು ರಾಜಕೀಯ ಸ್ವರೂಪದ ಒಪ್ಪಂದಗಳಲ್ಲ, ಎರಡೂ ಕಡೆಯ ಜನರ ಹಿತದ ನೀರಾವರಿ ಏರ್ಪಾಡು, ಪರಮಾಧಿಕಾರದ ಜೊತೆ ಸಾಯಲಿಲ್ಲ. ಸಂವಿಧಾನ ಬಂದ ಮೇಲೆ ಚೌಕಾಸಿಯ ಶಕ್ತಿ ಬಂದರೂ ರಾಜ್ಯ ಅವನ್ನು ರದ್ದು ಮಾಡಿಸಿಕೊಳ್ಳಲು ಹೋಗಲಿಲ್ಲ ಎಂದಿತು. ಮಂಡ್ಯದ ಭಾಷಣಗಳಿಗೆ ಇದು ನೇರ ಉತ್ತರ. ಅದೇ ಉಸಿರಿನಲ್ಲಿ ಪೀಠ ಇನ್ನೊಂದು ಮಾತನ್ನೂ ಹೇಳಿತು: ಐವತ್ತು ವರ್ಷದ ಷರತ್ತಿನಂತೆ ಆ ಒಪ್ಪಂದದ ಬಿಗಿ 1974ಕ್ಕೆ ಮುಗಿಯಿತು.

ಹಾಗಾದರೆ ಈಗ ಕಾಡುತ್ತಿರುವುದು ಬ್ರಿಟಿಷರ ಕಾಗದವಲ್ಲ. ಕಾಡುತ್ತಿರುವುದು ಆ ಕಾಗದದ ನೆರಳಿನಲ್ಲಿ ಐವತ್ತು ವರ್ಷ ಬೆಳೆದ ಅಚ್ಚುಕಟ್ಟು. 1892ರ ವಾಕ್ಯ ನೆನಪಿಸಿಕೊಳ್ಳಿ, ಈಗಾಗಲೇ ಗಳಿಸಿರುವ ಹಕ್ಕು. ಮದ್ರಾಸಿಗೆ 3.01 ಲಕ್ಷ ಎಕರೆ, ಮೈಸೂರಿಗೆ 1.25 ಲಕ್ಷ ಎಕರೆ ಎಂದು ಮಿತಿ ಹಾಕಿದ ಮೇಲೆ ಯಾರ ಗದ್ದೆ ಮೊದಲು ಹೆಚ್ಚಿತು ಎಂಬುದಕ್ಕೆ ಜ್ಯೋತಿಷ್ಯ ಬೇಕಿಲ್ಲ. 2007ರಲ್ಲಿ ಕಾವೇರಿ ಜಲವಿವಾದ ನ್ಯಾಯಾಧಿಕರಣ ಲೆಕ್ಕಕ್ಕೆ ಹಿಡಿದದ್ದು ತಮಿಳುನಾಡಿಗೆ 24.71 ಲಕ್ಷ ಎಕರೆ, ಕರ್ನಾಟಕಕ್ಕೆ 18.85 ಲಕ್ಷ ಎಕರೆ. ನೀರು ಆ ಎಕರೆಗಳ ಹಿಂದೆ ಹೋಯಿತು. ಹಾಗೆಂದು ತಂಜಾವೂರಿನ ಗದ್ದೆಗಳೆಲ್ಲ ಬ್ರಿಟಿಷರ ಕೃಪೆ ಎನ್ನುವುದೂ ತಪ್ಪು. ಕಲ್ಲಣೈ ಚೋಳರ ಕಾಲದ್ದು, ಸಾಮ್ರಾಜ್ಯ ಇಲ್ಲದಿದ್ದರೂ ಆ ಹಕ್ಕು ಇರುತ್ತಿತ್ತು. ಸಾಮ್ರಾಜ್ಯ ಮಾಡಿದ್ದು ಮೇಲ್ದಂಡೆಯ ಗಡಿಯಾರವನ್ನು ಮಾತ್ರ ನಿಲ್ಲಿಸಿದ್ದು.

2018ರ ತೀರ್ಪಿನಂತೆ ಈಗಿನ ಲೆಕ್ಕ ಇದು. ಕಣಿವೆಯ ಒಟ್ಟು 740 ಟಿಎಂಸಿಯಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಉಳಿದದ್ದು ಪರಿಸರಕ್ಕೆ ಮತ್ತು ಸಮುದ್ರಕ್ಕೆ. ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಇಳಿದ 14.75ರಲ್ಲಿ 10 ಟಿಎಂಸಿ ಬಂದದ್ದು ತಮಿಳುನಾಡಿನ ಅಂತರ್ಜಲದ ಲೆಕ್ಕದಿಂದ, 4.75 ಬೆಂಗಳೂರಿನ ಕುಡಿಯುವ ನೀರಿನಿಂದ. ಎರಡೂ ಅಂಕಿಅಂಶದ ಗೆಲುವು, ಇತಿಹಾಸದ ಅನ್ಯಾಯದ ವಾದದಿಂದ ಒಂದು ಟಿಎಂಸಿಯೂ ಬರಲಿಲ್ಲ. ತಿಂಗಳವಾರು ಪಟ್ಟಿಯಲ್ಲಿ ಜುಲೈಗೆ 31.24, ಆಗಸ್ಟಿಗೆ 45.95, ಸೆಪ್ಟೆಂಬರಿಗೆ 36.76 ಇದೆ. ವರ್ಷದ ಪಾಲಿನ ಮುಕ್ಕಾಲು ಭಾಗ ಕೆಲವೇ ತಿಂಗಳಲ್ಲಿ ಹೋಗಬೇಕು, ಅದೇ ಹೊತ್ತಿಗೆ ನಮ್ಮಲ್ಲಿ ಭತ್ತದ ನಾಟಿ. ಮಳೆ ಚೆನ್ನಾದ ವರ್ಷ ಇದು ಯಾರ ಗಮನಕ್ಕೂ ಬರುವುದಿಲ್ಲ. ಮಳೆ ಕೊರತೆಯಾದಾಗ ಪ್ರತಿ ರಾಜ್ಯದ ಪಾಲು ಅದೇ ಅನುಪಾತದಲ್ಲಿ ಇಳಿಯಬೇಕು ಎಂಬ ತತ್ವವಿದೆ, ಆದರೆ ಆಗಸ್ಟ್ ಮಧ್ಯದಲ್ಲಿ ಕೊರತೆ ಎಷ್ಟು ಎಂದು ಅಳೆಯುವ ಬಗೆಯಲ್ಲಿ ಒಮ್ಮತವಿಲ್ಲ. ಜಗಳ ಪ್ರತಿ ಸಲ ಹತ್ತುವುದು ಅಲ್ಲೇ.

ಕರ್ನಾಟಕ ಕಾವೇರಿಗೆ ಕಟ್ಟಬೇಕೆಂದಿರುವ ಮೇಕೆದಾಟಿನ 67.16 ಟಿಎಂಸಿ ಯೋಜನೆಯ ಮೇಲೂ ಇದೇ ನೆರಳಿದೆ. 1892ರ ಒಪ್ಪಿಗೆಯ ಷರತ್ತು ಸತ್ತು ಎಷ್ಟೋ ಕಾಲವಾದರೂ, ಕೆಳದಂಡೆಯವರ ಸಮ್ಮತಿ ಬೇಕೇ ಬೇಡವೇ ಎಂಬ ಪ್ರಶ್ನೆ ಹೊಸ ಬಟ್ಟೆಯಲ್ಲಿ ವಾಪಸು ಬಂದಿದೆ. ಯೋಜನಾ ವರದಿ ಇನ್ನೂ ಕೇಂದ್ರ ಜಲ ಆಯೋಗದ ಪರಿಶೀಲನೆಯಲ್ಲಿರುವಾಗ ತಮಿಳುನಾಡಿನ ಅರ್ಜಿ ಅಕಾಲಿಕ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿತು. ಇದನ್ನು ಅನುಮತಿ ಎಂದು ಓದಿ ಪಟಾಕಿ ಹೊಡೆದವರು ಅವಸರಪಟ್ಟರು.

2018ರ ತೀರ್ಪಿನ ಹಂಚಿಕೆ 15 ವರ್ಷಕ್ಕೆ. ಅಂದರೆ 2033. ಆ ಹೊತ್ತಿಗೆ ಕರ್ನಾಟಕದ ಕೈಯಲ್ಲಿ ಇರಬೇಕಾದದ್ದು ತಾಲ್ಲೂಕುವಾರು ಬೆಳೆ ವಿಸ್ತೀರ್ಣದ ನಂಬಲರ್ಹ ದಾಖಲೆ, ನಾಲೆಗಳ ಸೋರಿಕೆಯ ಅಳತೆ, ಕೊಳವೆಬಾವಿಗಳ ಎಣಿಕೆ, ಮಂಡ್ಯ-ಮೈಸೂರಿನ ಊರುಗಳ ಕುಡಿಯುವ ನೀರಿನ ಬೇಡಿಕೆ. ವಿ.ಸಿ. ನಾಲೆಯ ಒಂದು ಉಪನಾಲೆಗೆ ತೂಬಿನಲ್ಲಿ ಬಿಟ್ಟದ್ದೆಷ್ಟು, ಕೊನೆಯ ಗದ್ದೆಗೆ ಮುಟ್ಟಿದ್ದೆಷ್ಟು ಎಂಬ ದಿನವಹಿ ಅಂಕಿ ಹತ್ತು ವರ್ಷದ್ದು ಸಿಕ್ಕರೂ ಅದು ಹತ್ತು ಭಾಷಣಕ್ಕಿಂತ ಹೆಚ್ಚು ತೂಗುತ್ತದೆ. ಕಬ್ಬಿನ ಬದಲು ಅರೆ ನೀರಾವರಿ ಬೆಳೆಗೆ ಹೋದ ರೈತನ ಎಕರೆ ದಾಖಲೆಯಲ್ಲಿ ನೀರಾವರಿ ಎಂದೇ ಉಳಿಯುವಂತೆ ನೋಡಿಕೊಳ್ಳುವುದೂ ಇದರಲ್ಲೇ ಸೇರಿದೆ. ಇಲ್ಲದಿದ್ದರೆ ನೀರು ಉಳಿಸಿದವನೇ ಮುಂದಿನ ಹಂಚಿಕೆಯಲ್ಲಿ ಹಕ್ಕು ಕಳೆದುಕೊಳ್ಳುತ್ತಾನೆ.